ನೆರೆ ಬರುವ ತಿಂಗಳು

"ನದಿ ಬಯಲುಗಳಲ್ಲಿ ನಾಗರಿಕತೆಗಳು ಬೆಳೆಯಲು ಕಾರಣಗಳೇನು?" ಸಮಾಜ ವಿಜ್ಞಾನ ಕಲಿಸುವವರಿಗೂ ಕಲಿಯುವವರಿಗೂ ಚಿರಪರಿಚಿತ ಪ್ರಶ್ನೆ. ಉತ್ತರವೂ ಹಾಗೆಯೇ: ಫಲವತ್ತಾದ ಮೆಕ್ಕಲು ಮಣ್ಣು, ಬೇಸಾಯಕ್ಕೆ ನೀರು, ಸಾಗಾಟಕ್ಕೆ ಅನುಕೂಲ. ಮೂರು ಕಾರಣ, ಮೂರು ಅಂಕ, ಅಲ್ಲಿಗೆ ಪಾಠ ಮುಗಿಯಿತು. ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಇಷ್ಟೇ ಕಾರಣವಾಗಿದ್ದರೆ ಈಜಿಪ್ಟೂ ಮೆಸೊಪೊಟೇಮಿಯವೂ ಅವಳಿ ಮಕ್ಕಳ ಹಾಗೆ ಇರಬೇಕಿತ್ತಲ್ಲ? ಎರಡೂ ಕಡೆ ಒಣ ನೆಲ, ನಡುವೆ ದೊಡ್ಡ ನದಿ. ಬೆಳೆಯೂ ಒಂದೇ, ಗೋಧಿ ಮತ್ತು ಬಾರ್ಲಿ. ಹಾಗಿದ್ದೂ ನೈಲ್ ದಂಡೆಯಲ್ಲಿ ಸುಮಾರು ಸಾವಿರ ಕಿ.ಮೀ. ಉದ್ದದ ನಾಡು ಕ್ರಿ.ಪೂ. 3100ರ ಸುಮಾರಿಗೇ ಒಬ್ಬ ಅರಸನ ಕೈಗೆ ಬಂತು. ದಕ್ಷಿಣ ಮೆಸೊಪೊಟೇಮಿಯದ ಸುಮೇರ್‌ನಲ್ಲಾದರೋ ಊರಿಗೊಬ್ಬ ದೇವರು, ಊರಿಗೊಬ್ಬ ಅರಸ. ಕ್ರಿ.ಪೂ. 2334ರ ಸುಮಾರಿಗೆ ಅಕ್ಕಾಡ್‌ನ ಸಾರ್ಗನ್ ಬರುವ ತನಕ ಆ ಊರುಗಳನ್ನೆಲ್ಲ ಗಟ್ಟಿಯಾಗಿ ಒಂದು ಮಾಡಿದವರೇ ಇಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಹುಡುಕುವಾಗ ನಾನು ಮೊದಲು ನೋಡುವುದು ನದಿಯನ್ನಲ್ಲ, ಕ್ಯಾಲೆಂಡರನ್ನು. ನೆರೆ ಯಾವ ತಿಂಗಳಲ್ಲಿ ಬರುತ್ತಿತ್ತು?

ನೈಲ್ ನದಿಯ ನೆರೆಯ ಮೂಲ ಇಥಿಯೋಪಿಯದ ಎತ್ತರದ ನಾಡು. ನಮ್ಮಲ್ಲಿ ಆಟಿ ತಿಂಗಳ ಮಳೆ ಹೊಯ್ಯುವ ಹೊತ್ತಿಗೇ ಅಲ್ಲಿಯೂ ಮಳೆಗಾಲ. ಆ ನೀರು ನೀಲಿ ನೈಲ್ ಮತ್ತು ಅಟ್ಬಾರ ನದಿಗಳ ಮೂಲಕ ಇಳಿದು ಈಜಿಪ್ಟಿನ ಹೊಲಗಳನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಳುಗಿಸುತ್ತಿತ್ತು. ಆಗ ಹೊಲದಲ್ಲಿ ಪೈರಿಲ್ಲ, ಕೊಯ್ಲು ಎಂದೋ ಮುಗಿದಿರುತ್ತಿತ್ತು. ರೈತರು ತಗ್ಗಾದ ಮಣ್ಣಿನ ಹುಣಿ ಕಟ್ಟಿ ಆ ನೀರನ್ನು ಒಂದೂವರೆ ತಿಂಗಳು ಗದ್ದೆಯಲ್ಲೇ ನಿಲ್ಲಿಸಿ, ಆಮೇಲೆ ಕೆಳಗಿನ ಗದ್ದೆಗೋ ನದಿಗೋ ಬಿಡುತ್ತಿದ್ದರು. ಹೊಸ ಮೆಕ್ಕಲು ಕೂತ ಹಸಿ ನೆಲ ಸಿದ್ಧ. ಅಕ್ಟೋಬರ್, ನವೆಂಬರ್‌ನಲ್ಲಿ ಬಿತ್ತನೆ, ಮಾರ್ಚ್-ಏಪ್ರಿಲ್‌ನಲ್ಲಿ ಕೊಯ್ಲು. ಅವರ ವರ್ಷಕ್ಕೆ ಮೂರೇ ಋತು: ನೆರೆಯ ಕಾಲ, ಪೈರಿನ ಕಾಲ, ಕೊಯ್ಲಿನ ಕಾಲ. ನದಿಯೇ ಪಂಚಾಂಗ ಬರೆದ ಹಾಗೆ!

ಇನ್ನೊಂದು ಅನುಕೂಲವನ್ನೂ ಹೇಳಬೇಕು. ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ, ಅಲ್ಲಿ ಹೆಚ್ಚಾಗಿ ಬೀಸುವ ಗಾಳಿ ಉತ್ತರದಿಂದ ದಕ್ಷಿಣಕ್ಕೆ. ಹೋಗುವಾಗ ಹಾಯಿ ಬಿಚ್ಚಿದರಾಯಿತು, ಬರುವಾಗ ಮಡಚಿದರಾಯಿತು. ಅವರ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಪ್ರಯಾಣ ಎಂಬುದಕ್ಕೆ ಹಾಯಿ ಬಿಚ್ಚಿದ ದೋಣಿಯ ಗುರುತು, ಉತ್ತರಕ್ಕೆ ಎಂಬುದಕ್ಕೆ ಹಾಯಿ ಇಲ್ಲದ ದೋಣಿ. ಅರಸನ ಆಜ್ಞೆಯೂ ತೆರಿಗೆಯ ಧಾನ್ಯವೂ ಇದೇ ದಾರಿಯಲ್ಲಿ ಸಾಗಿದವು. ಎರಡೂ ಬದಿಗೆ ಮರುಭೂಮಿ, ದಕ್ಷಿಣಕ್ಕೆ ಅಸ್ವಾನ್‌ನ ಬಂಡೆಗಳ ನಡುವೆ ನೀರು ಧುಮ್ಮಿಕ್ಕುವ ಜಾಗ. ಹೊರಗಿನವರು ಸುಲಭವಾಗಿ ನುಗ್ಗುವಂತಿರಲಿಲ್ಲ. ಒಳಗಿನ ರೈತ ತೆರಿಗೆಗೆ ಬೇಸತ್ತರೆ ಓಡಿ ಹೋಗಲೂ ಜಾಗವಿರಲಿಲ್ಲ. ಈ ಎರಡನೆಯ ಮಾತನ್ನು ಪಠ್ಯಗಳು ಅಷ್ಟಾಗಿ ಹೇಳುವುದಿಲ್ಲ.

ಈಗ ಸುಮೇರ್‌ಗೆ ಬರೋಣ. ಯೂಫ್ರೆಟಿಸ್, ಟೈಗ್ರಿಸ್ ಎರಡೂ ಇಂದಿನ ಟರ್ಕಿಯ ಬೆಟ್ಟಗಳಿಂದ ಇಳಿಯುವ ನದಿಗಳು. ಚಳಿಗಾಲದ ಹಿಮ ಕರಗಿ, ವಸಂತದ ಮಳೆಯೂ ಸೇರಿ ಅವು ಉಕ್ಕುವುದು ಏಪ್ರಿಲ್-ಮೇ ತಿಂಗಳಲ್ಲಿ, ಅಂದರೆ ನಮ್ಮ ವಿಷುವಿನ ಆಚೀಚೆ. ಅಲ್ಲಿಯೂ ಬಿತ್ತನೆ ಅಕ್ಟೋಬರ್-ನವೆಂಬರ್‌ನಲ್ಲೇ, ಕೊಯ್ಲು ಏಪ್ರಿಲ್-ಮೇಯಲ್ಲಿ. ಹೊಲದಲ್ಲಿ ತೆನೆ ಬಲಿತು ನಿಂತ ಹೊತ್ತಿಗೆ ಸರಿಯಾಗಿ ನೆರೆ! ಏಣೆಲು ಕೊಯ್ಲಿನ ಸಮಯಕ್ಕೆ ಮಳೆ ಹೊಡೆದರೆ ಏನಾಗುತ್ತದೆಂದು ಗದ್ದೆ ಇದ್ದವರಿಗೆ ಗೊತ್ತು. ಬಿತ್ತುವಾಗಲಾದರೂ ನೀರು ಉಂಟೇ ಎಂದರೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನದಿ ತೀರಾ ಬಡಕಲು. ದಕ್ಷಿಣದಲ್ಲಿ ಮಳೆಯೂ ವರ್ಷಕ್ಕೆ 200 ಮಿ.ಮೀ.ಗಿಂತ ಕಡಿಮೆ.

ಹಾಗಾಗಿ ನೈಲ್ ತಾನಾಗಿ ಮಾಡಿಕೊಟ್ಟದ್ದನ್ನು ಇಲ್ಲಿ ಜನರೇ ಮಾಡಬೇಕಾಯಿತು. ನೆರೆ ಬಂದಾಗ ತಡೆಯಲು ಒಡ್ಡು, ಬರಗಾಲದಲ್ಲಿ ತರಲು ಕಾಲುವೆ. ಈ ನದಿಗಳು ಹೊತ್ತು ತರುವ ಹೂಳೋ, ಹೇಳತೀರದು. ಹೂಳು ಕೂತು ಕೂತು ಯೂಫ್ರೆಟಿಸ್ ಸುತ್ತಲಿನ ಬಯಲಿಗಿಂತ ಎತ್ತರದಲ್ಲಿ ಹರಿಯತೊಡಗಿತು. ದಂಡೆ ಕಡಿದರೆ ಸಾಕು, ನೀರು ತಾನಾಗಿ ಹೊಲಕ್ಕೆ ಇಳಿಯುತ್ತದೆ; ದಂಡೆ ಒಡೆದರೆ ಊರಿಗೂ ಹಾಗೆಯೇ ಇಳಿಯುತ್ತದೆ. ಕಾಲುವೆಗಳ ಹೂಳನ್ನು ಮತ್ತೆ ಮತ್ತೆ ಎತ್ತಬೇಕು. ನಮ್ಮ ಕಾಸರಗೋಡಿನ ಹಳ್ಳಗಳಿಗೆ ಮಳೆ ಬಿಟ್ಟ ಮೇಲೆ ಕಟ್ಟ ಕಟ್ಟುವ ಕೃಷಿಕರನ್ನು ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಒಬ್ಬನಿಂದ ಆಗುವ ಕೆಲಸವಲ್ಲ, ನೆರೆಕರೆಯವರೆಲ್ಲ ಸೇರಬೇಕು. ಮೇಲಿನವನು ನೀರು ಹಿಡಿದರೆ ಕೆಳಗಿನವನ ತೋಟ ಒಣಗುತ್ತದೆ. ಸುಮೇರ್‌ನಲ್ಲಿ ಇದು ದೊಡ್ಡ ಅಳತೆಯಲ್ಲಿ ನಡೆಯಿತು, ಅಷ್ಟೆ.

ಉರುಕ್ ನಗರದಲ್ಲಿ ಸಿಕ್ಕಿದ, ಸುಮಾರು 5,200 ವರ್ಷ ಹಿಂದಿನ ಮಣ್ಣಿನ ಫಲಕಗಳಲ್ಲಿ ಕಾವ್ಯವಿಲ್ಲ, ರಾಜರ ಹೊಗಳಿಕೆಯೂ ಇಲ್ಲ. ಹೆಚ್ಚಿನವು ಬರಿಯ ಲೆಕ್ಕ: ಎಷ್ಟು ಬಾರ್ಲಿ, ಎಷ್ಟು ಕುರಿ, ಎಷ್ಟು ಆಳು. ಬರೆದದ್ದು ಮಣ್ಣಿನ ಮೇಲೆ ಏಕೆಂದರೆ ಅಲ್ಲಿ ಧಾರಾಳವಾಗಿ ಇದ್ದದ್ದು ಮಣ್ಣೇ. ಕಲ್ಲಿಲ್ಲ, ಲೋಹವಿಲ್ಲ, ಒಳ್ಳೆಯ ಮರವಿಲ್ಲ. ಬಹಳ ಹಿಂದೆ ಕೊಯ್ಲಿನ ಕತ್ತಿಯನ್ನೂ ಮಣ್ಣಿನಿಂದ ಮಾಡಿ ಸುಡುತ್ತಿದ್ದರು. ತಾಮ್ರಕ್ಕೆ ಒಮಾನ್ ಕಡೆಗೆ ಹೋಗಬೇಕಿತ್ತು. ಮೆಲುಹ್ಹ ಎಂಬ ನಾಡಿನ ಹಡಗುಗಳು ತನ್ನ ಬಂದರಿಗೆ ಬರುತ್ತವೆಂದು ಸಾರ್ಗನ್ ಹೇಳಿಕೊಂಡಿದ್ದಾನೆ. ಅದು ಸಿಂಧೂ ಬಯಲಿನ ನಾಡೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದರದ್ದೇ ಒಂದು ದೊಡ್ಡ ಕತೆ, ಇಲ್ಲಿ ಬೇಡ.

ಇಷ್ಟು ಓದಿದವರಿಗೆ, ಕಾಲುವೆ ಬೇಕಾಯಿತು, ಕಾಲುವೆಗೆ ಅಧಿಕಾರಿ ಬೇಕಾದ, ಅಧಿಕಾರಿಗೆ ರಾಜ ಬೇಕಾದ ಎಂದು ಸರಪಳಿ ಹೆಣೆಯುವ ಆಸೆ ಹುಟ್ಟಬಹುದು. ಕಾರ್ಲ್ ವಿಟ್‌ಫೋಗೆಲ್ ಎಂಬ ವಿದ್ವಾಂಸರು 1957ರಲ್ಲಿ ಹೆಚ್ಚುಕಡಿಮೆ ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು. ಕೇಳಲು ಚಂದ, ಪರೀಕ್ಷೆಗೆ ಬರೆಯಲು ಇನ್ನೂ ಚಂದ. ಆದರೆ ಇರಾಕಿನ ಬಯಲಿನಲ್ಲಿ ವರ್ಷಗಟ್ಟಲೆ ಹಳೆಯ ಕಾಲುವೆಗಳ ಜಾಡು ಹಿಡಿದ ರಾಬರ್ಟ್ ಆಡಮ್ಸ್ ಅವರಿಗೆ ಕಂಡದ್ದು ಬೇರೆ. ಮೊದಲ ನಗರಗಳ ಕಾಲದಲ್ಲಿ ಇದ್ದವು ಚಿಕ್ಕ ಚಿಕ್ಕ ಕಾಲುವೆಗಳು, ಊರವರೇ ನೋಡಿಕೊಳ್ಳಬಹುದಾದಂಥವು. ಭಾರೀ ಕಾಲುವೆಗಳು ಬಂದದ್ದು ರಾಜರು ಬಲಿತ ಮೇಲೆ. ನನಗೆ ಆಡಮ್ಸ್ ಅವರ ಮಾತೇ ಸರಿಯೆನಿಸುತ್ತದೆ. ನೆಲ ಮತ್ತು ನೀರು ಜನರ ಮುಂದೆ ಒಂದು ಕಷ್ಟವನ್ನು ಇಟ್ಟವು. ಅದಕ್ಕೆ ರಾಜನೇ ಉತ್ತರವೆಂದು ಅವೇನೂ ಹೇಳಲಿಲ್ಲ.

ಜನ ಕೊಟ್ಟುಕೊಂಡ ಉತ್ತರ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಲಗಾಶ್ ಮತ್ತು ಉಮ್ಮಾ ಎಂಬ ಎರಡು ನಗರಗಳ ಗಡಿ ಜಗಳವನ್ನು ನೋಡಬೇಕು. ನಡುವೆ ಗುಏದೆನ ಎಂಬ ಒಳ್ಳೆಯ ಹೊಲದ ಬಯಲು. ಕಿಶ್ ನಗರದ ಅರಸ ಮೆಸಿಲಿಮ್ ಮಧ್ಯಸ್ಥನಾಗಿ ಅಳೆದು ಗಡಿಕಲ್ಲು ನೆಟ್ಟ. ಉಮ್ಮಾದವರು ಅದನ್ನು ಕಿತ್ತರು. ಕ್ರಿ.ಪೂ. 2450ರ ಸುಮಾರಿಗೆ ಲಗಾಶ್‌ನ ಎಅನ್ನಾತುಮ್ ಯುದ್ಧದಲ್ಲಿ ಗೆದ್ದು ಗಡಿಗೆ ಕಾಲುವೆ ತೋಡಿಸಿದ. ಅವನ ವಿಜಯದ ಕಲ್ಲು, ರಣಹದ್ದುಗಳು ಶತ್ರುಗಳ ತಲೆ ಕಚ್ಚಿ ಹಾರುವ ಚಿತ್ರದ್ದು, ಇವತ್ತು ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಒಪ್ಪಂದದ ಪ್ರಕಾರ ಉಮ್ಮಾ ಬಾರ್ಲಿ ಕೊಡಬೇಕಿತ್ತು. ಬಡ್ಡಿ ಬೆಳೆದು ತೀರಿಸಲಾಗದಷ್ಟಾಯಿತು. ಮುಂದೆ ಉಮ್ಮಾದ ಉರ್-ಲುಮ್ಮಾ ಗಡಿ ಕಾಲುವೆಯ ನೀರನ್ನು ತಿರುಗಿಸಿ, ಗಡಿಕಲ್ಲುಗಳಿಗೆ ಬೆಂಕಿ ಹಚ್ಚಿ ಒಡೆದ. ಇದೆಲ್ಲ ನಮಗೆ ಗೊತ್ತಾಗುವುದು ಲಗಾಶ್‌ನವರು ಬರೆಸಿದ ಶಾಸನಗಳಿಂದ, ಆದ್ದರಿಂದ ಉಮ್ಮಾದವರನ್ನು ಪೂರ್ತಿ ದುಷ್ಟರೆಂದು ಒಪ್ಪಬೇಕಿಲ್ಲ. ಗಡಿಯ ಕತೆ ಯಾವ ಬದಿಯಲ್ಲಿ ನಿಂತು ಹೇಳಿದ್ದು ಎಂದು ಕೇಳುವುದು, 1956ರ ನಂತರ ಕೇರಳದಲ್ಲಿ ಕನ್ನಡ ಓದುತ್ತಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ.

ಲಗಾಶ್‌ನ ಎನ್ಮೆತೆನ ಕೊನೆಗೆ ಒಂದು ಉಪಾಯ ಮಾಡಿದ. ಯೂಫ್ರೆಟಿಸ್ ಕಡೆಯ ನೀರಿಗಾಗಿ ಉಮ್ಮಾದವರ ಹಂಗೇ ಬೇಡವೆಂದು ಟೈಗ್ರಿಸ್ ನದಿಯಿಂದಲೇ ಕಾಲುವೆ ತಂದ. ನೀರು ಧಾರಾಳವಾಯಿತು. ಕಷ್ಟ ಶುರುವಾದದ್ದೂ ಅಲ್ಲೇ ಎಂದು ಥಾರ್ಕಿಲ್ಡ್ ಯಾಕೊಬ್ಸನ್ ಮತ್ತು ಇದೇ ಆಡಮ್ಸ್ 1958ರಲ್ಲಿ ಬರೆದ ಲೇಖನದಲ್ಲಿ ವಾದಿಸಿದರು. ಸಮತಟ್ಟು ನೆಲ, ಹೆಚ್ಚಾದ ನೀರು ಬಸಿದು ಹೋಗಲು ದಾರಿಯಿಲ್ಲ. ನೆಲದಡಿಯ ನೀರು ಮೇಲೇರಿ, ಬಿಸಿಲಿಗೆ ಆರಿ, ಉಪ್ಪು ಮೇಲುಳಿಯಿತು. ಉಪ್ಪನ್ನು ಗೋಧಿ ತಡೆಯದು, ಬಾರ್ಲಿ ಸ್ವಲ್ಪ ತಡೆಯುತ್ತದೆ. ಕ್ರಿ.ಪೂ. 3500ರ ಸುಮಾರಿಗೆ ಗೋಧಿ-ಬಾರ್ಲಿ ಹೆಚ್ಚುಕಡಿಮೆ ಸಮಸಮ ಬೆಳೆಯುತ್ತಿದ್ದ ದಕ್ಷಿಣದಲ್ಲಿ ಕ್ರಿ.ಪೂ. 1700ರ ಹೊತ್ತಿಗೆ ಗೋಧಿಯೇ ಇಲ್ಲ. ಬಾರ್ಲಿಯ ಇಳುವರಿ ಹೆಕ್ಟೇರಿಗೆ ಕ್ರಿ.ಪೂ. 2400ರಲ್ಲಿ 2,537 ಲೀಟರ್ ಇದ್ದದ್ದು ಕ್ರಿ.ಪೂ. 2100ರಲ್ಲಿ 1,460ಕ್ಕೆ, ಕ್ರಿ.ಪೂ. 1700ರಲ್ಲಿ 897ಕ್ಕೆ ಇಳಿಯಿತು ಎಂಬುದು ಅವರ ಲೆಕ್ಕ. ಹಳೆಯ ಅಳತೆಗಳನ್ನು ಹೀಗೆ ಓದಿದ್ದು ಸರಿಯಲ್ಲ, ಹೊಲ ತೊಳೆಯುವುದು, ಪಾಳು ಬಿಡುವುದು ಅಲ್ಲಿನ ರೈತರಿಗೆ ತಿಳಿದಿತ್ತು ಎಂದು ಮಾರ್ವಿನ್ ಪಾವೆಲ್ 1985ರಲ್ಲಿ ಆಕ್ಷೇಪ ಎತ್ತಿದರು. ಅಂಕೆಗಳ ಚರ್ಚೆ ಇರಲಿ. ಉಪ್ಪು ಹಿಡಿದ ಹೊಲಗಳ ಪ್ರಸ್ತಾಪ ಹಳೆಯ ಫಲಕಗಳಲ್ಲೇ ಉಂಟು.

ಈಜಿಪ್ಟಿನ ಹೊಲಗಳಿಗೆ ಈ ಉಪ್ಪಿನ ಕಾಟ ಸಾವಿರಾರು ವರ್ಷ ಅಷ್ಟಾಗಿ ತಟ್ಟಲಿಲ್ಲ. ಬೇಸಗೆಯಲ್ಲಿ ನದಿ ಇಳಿದಾಗ ನೆಲದಡಿಯ ನೀರೂ ಇಳಿಯುತ್ತಿತ್ತು, ಆಗಸ್ಟಿನ ನೆರೆ ಬಂದು ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. 1970ರಲ್ಲಿ ಅಸ್ವಾನ್‌ನ ದೊಡ್ಡ ಅಣೆಕಟ್ಟು ಪೂರ್ಣವಾಯಿತು. ವರ್ಷವಿಡೀ ನೀರು, ವರ್ಷಕ್ಕೆ ಎರಡು-ಮೂರು ಬೆಳೆ, ನೆರೆ ಮಾತ್ರ ಇಲ್ಲ. ಈಗ ಅಲ್ಲಿಯೂ ಹೊಲದ ಅಡಿಯಲ್ಲಿ ತೂತಿನ ಪೈಪು ಹೂತು, ಉಪ್ಪುನೀರನ್ನು ಬಸಿದು ಹೊರಗೆ ಹಾಕುತ್ತಿದ್ದಾರೆ.