ನಕಾಶೆಯ ಹಸಿರು ಚುಕ್ಕೆಗಳು

ಆಫೀಸಿನವರು ಆರು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಕಳಿಸಿದ್ದಾಗ ಶನಿವಾರ ಬಂತೆಂದರೆ ಏನು ಮಾಡೋದು ಅನ್ನೋದೇ ದೊಡ್ಡ ಪ್ರಶ್ನೆಯಾಗಿತ್ತು. ಜೊತೆಯವರೆಲ್ಲ ಲಂಡನ್ನಿಗೆ ಓಡುತ್ತಿದ್ದರು. ನಾನು ಒಂದು ಆರ್ಡ್‌ನೆನ್ಸ್ ಸರ್ವೇ ನಕಾಶೆ ಕೊಂಡುಕೊಂಡು, ವಾಟರ್‌ಬೀಚ್ ಅನ್ನೋ ಊರಿಂದ ಕ್ಯಾಮ್ ನದಿಯ ದಂಡೆ ಹಿಡಿದು ಈಲಿ ಪಟ್ಟಣದ ಕಡೆಗೆ ಹೊರಟೆ. ರೈಲಿನಲ್ಲಾದರೆ ಹತ್ತು ನಿಮಿಷದ ಹಾದಿ. ನಡೆದರೆ ಅರ್ಧ ದಿನ.

ಎಂಥಾ ಸಪಾಟು ನೆಲ ಅಂತೀರಿ! ಒಂದು ದಿಬ್ಬವಿಲ್ಲ, ಒಂದು ಬಂಡೆಯಿಲ್ಲ. ಈಲಿಯ ಚರ್ಚಿನ ಗೋಪುರ ಮೈಲುಗಟ್ಟಲೆ ದೂರದಿಂದಲೇ ಕಾಣಿಸತೊಡಗುತ್ತೆ, ಆಮೇಲೆ ಎಷ್ಟು ನಡೆದರೂ ಅಲ್ಲೇ ನಿಂತಿರುತ್ತೆ. ನಮ್ಮ ಸಾಫ್ಟ್‌ವೇರಿನ ಪ್ರೋಗ್ರೆಸ್ ಬಾರ್ 99ಕ್ಕೆ ಬಂದು ನಿಲ್ಲುತ್ತಲ್ಲ, ಹಾಗೆ :) ಸ್ವಲ್ಪ ಹೊತ್ತಾದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ನಾನು ನಡೀತಾ ಇದ್ದದ್ದು ಎತ್ತರದ ಏರಿಯ ಮೇಲೆ. ಎಡಕ್ಕೆ ನದಿ, ಬಲಕ್ಕೆ ಗೋಧಿ ಹೊಲ. ಹೊಲವೇ ನದಿಗಿಂತ ಕೆಳಗಿದೆ!

ಇದು ಫೆನ್ ಪ್ರದೇಶ. ನಾಲ್ಕು ಶತಮಾನದ ಹಿಂದೆ ಇಲ್ಲಿ ಬಹುಪಾಲು ಜೌಗು. ಜನ ಹಾವುಮೀನು ಹಿಡಿದು, ಜೊಂಡು ಕೊಯ್ದು ಬದುಕುತ್ತಿದ್ದರು. (ಈಲಿ ಅನ್ನೋ ಹೆಸರೇ ಹಾವುಮೀನಿನಿಂದ ಬಂತು ಅಂತ ಎಂಟನೇ ಶತಮಾನದಲ್ಲೇ ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ.) 1630ರಲ್ಲಿ ಬೆಡ್‌ಫರ್ಡಿನ ಅರ್ಲ್ ಮತ್ತವನ ಜೊತೆಗಾರ ಬಂಡವಾಳಗಾರರು ನೀರು ಬಸಿಯುವ ಕೆಲಸ ಕೈಗೆತ್ತಿಕೊಂಡು, ಕಾರ್ನೀಲಿಯಸ್ ವರ್ಮೈಡನ್ ಎಂಬ ಡಚ್ ಇಂಜಿನಿಯರನನ್ನು ಕರೆಸಿದರು. ಆತ ಮೂವತ್ತು ಕಿಲೋಮೀಟರಿಗೂ ಉದ್ದದ ನೇರ ಕಾಲುವೆಗಳನ್ನು ಕಡಿಸಿದ. 1650ರ ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟ್ ಸೈನಿಕರನ್ನೂ ಈ ಅಗೆತಕ್ಕೆ ಹಚ್ಚಿದ್ದರು. ಮೀನಿನ ನೀರು ಹೋಯಿತೆಂದು ಸಿಟ್ಟಾದ ಸ್ಥಳೀಯರು ರಾತ್ರೋರಾತ್ರಿ ಏರಿ ಒಡೆಯುತ್ತಿದ್ದರಂತೆ.

ನೀರೇನೋ ಹೋಯಿತು. ಆದರೆ ಕೊಳೆತ ಸಸ್ಯಗಳಿಂದಾದ ಆ ಕಪ್ಪು ಮಣ್ಣು ಒಣಗಿದರೆ ಕುಗ್ಗುತ್ತೆ, ಗಾಳಿ ತಾಗಿದರೆ ನಿಧಾನವಾಗಿ ಕರಗಿಯೇ ಹೋಗುತ್ತೆ. ನೆಲ ಕುಸಿಯುತ್ತಾ ಹೋಯಿತು, ನದಿ ಮೇಲೇ ಉಳಿಯಿತು, ಏರಿಗಳನ್ನು ಎತ್ತರಿಸುತ್ತಲೇ ಇರಬೇಕಾಯಿತು. ಪೀಟರ್‌ಬರೋ ಹತ್ತಿರದ ಹೋಮ್ ಫೆನ್ನಿನಲ್ಲಿ 1851ರಲ್ಲಿ ಒಂದು ಕಬ್ಬಿಣದ ಕಂಬವನ್ನು ತಲೆ ನೆಲಮಟ್ಟಕ್ಕೆ ಬರುವಂತೆ ಹೂತಿದ್ದರು. ಇವತ್ತು ಅದು ಸುಮಾರು ನಾಲ್ಕು ಮೀಟರ್ ಮೇಲೆದ್ದು ನಿಂತಿದೆ. ಕಂಬ ಬೆಳೆದದ್ದಲ್ಲ!

ಅಂದರೆ ನಾನು ನಡೆಯುತ್ತಿದ್ದ ಏರಿಯನ್ನು ನಡೆಯೋರಿಗಂತ ಯಾರೂ ಕಟ್ಟಿರಲಿಲ್ಲ. ಅದು ನೀರಿಗೆ ಕಟ್ಟಿದ್ದು. ಆಮೇಲೆ ಕುದುರೆಗಳು ಬಂದವು. ರೈಲು ಬರೋಕೆ ಮುಂಚೆ ಕಲ್ಲಿದ್ದಲು, ಧಾನ್ಯ ಎಲ್ಲ ದೋಣಿಗಳ ಸಾಲಿನಲ್ಲಿ ಬರುತ್ತಿತ್ತು, ದಂಡೆಯ ಮೇಲೆ ಕುದುರೆ ಹಗ್ಗ ಎಳೆಯುತ್ತಿತ್ತು. ಕೇಂಬ್ರಿಡ್ಜಿನ ಕಾಲೇಜುಗಳು ಮಾತ್ರ ತಮ್ಮ ಹಿತ್ತಲಿನ ದಂಡೆ ಮೇಲೆ ಕುದುರೆ ಬರಕೂಡದು ಅಂದುಬಿಟ್ಟವು. ಅದಕ್ಕೇ ಅಲ್ಲಿ ನದಿಯ ತಳದಲ್ಲೇ ಒಂದು ಜಗುಲಿ ಕಟ್ಟಿ, ಪಾಪ ಆ ಕುದುರೆಗಳನ್ನು ನೀರಿನೊಳಗೇ ನಡೆಸುತ್ತಿದ್ದರು. ಪ್ರವಾಸಿಗರು ಇವತ್ತು ದೋಣಿಯಲ್ಲಿ ಕೂತು ಫೋಟೋ ತೆಗೆಯೋದು ಅದರ ಮೇಲೇ.

ಇಷ್ಟಾದರೂ ದಂಡೆಯ ಮೇಲೆ ಸಾರ್ವಜನಿಕರಿಗೆ ಹಕ್ಕಿತ್ತೇ? 1789ರಲ್ಲಿ ಲಂಡನ್ನಿನ ನ್ಯಾಯಾಲಯ, ದೋಣಿ ಓಡುವ ನದಿಯಾದ ಮಾತ್ರಕ್ಕೆ ಅದರ ದಂಡೆಯ ಮೇಲೆ ಹಗ್ಗ ಎಳೆಯುತ್ತಾ ಹೋಗುವ ಹಕ್ಕು ಯಾರಿಗೂ ತಾನಾಗಿ ಬರುವುದಿಲ್ಲ ಅಂತ ತೀರ್ಪು ಕೊಟ್ಟಿತು. ನದಿ ನಿಮ್ಮದು, ದಂಡೆ ದಂಡೆಯವನದು.

ಹೊಲಗಳ ಕಥೆ ಇನ್ನೂ ಕೆಟ್ಟದ್ದು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿ, ಊರೊಟ್ಟಿನ ಗೋಮಾಳ, ಬಯಲುಗಳನ್ನು ಖಾಸಗಿ ಹಿಡುವಳಿಗಳಾಗಿ ಹಂಚಿತು. ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲ! ಯಾವ ದಾರಿ ಉಳಿಯಬೇಕು, ಯಾವುದು ಅಳಿಯಬೇಕು ಅನ್ನೋದನ್ನು ಕಮಿಷನರ್‌ಗಳು ಮೇಜಿನ ಮೇಲೆ ಸ್ಕೇಲು ಇಟ್ಟು ತೀರ್ಮಾನಿಸಿದರು. ಸಾಲದ್ದಕ್ಕೆ 1815ರ ಕಾಯ್ದೆಯೊಂದು, ಇಬ್ಬರು ಮ್ಯಾಜಿಸ್ಟ್ರೇಟರು ಸೇರಿ ‘ಈ ಕಾಲುದಾರಿ ಅನಗತ್ಯ’ ಅಂದರೆ ಮುಚ್ಚಬಹುದು ಅಂತಂದಿತು. ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಯಾರು? ಜಮೀನ್ದಾರರೇ. ಫೆನ್ ಅಂಚಿನ ಹೆಲ್ಪ್‌ಸ್ಟನ್ ಊರಿನ ಕೂಲಿಕಾರನ ಮಗ, ಕವಿ ಜಾನ್ ಕ್ಲೇರ್ ಈ ಬೇಲಿಗಳನ್ನು ಕಣ್ಣಾರೆ ಕಂಡವನು. ಅವನ ಊರಿನ ಬೇಲಿ ಕಾಯ್ದೆ ಬಂದದ್ದು 1809ರಲ್ಲಿ. 1841ರಲ್ಲಿ ಆತ ಎಸೆಕ್ಸಿನ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು, ದಾರಿಬದಿಯ ಹುಲ್ಲು ತಿಂದುಕೊಂಡು, ನಾಲ್ಕು ದಿನ ನಡೆದು ಮನೆ ಸೇರಿದ. ಸುಮಾರು 80 ಮೈಲಿ.

ನಡೆಯುವ ಹಕ್ಕಿನ ಚರಿತ್ರೆ ಅಂದ ಕೂಡಲೇ ಎಲ್ಲರೂ 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದ ಕಾರ್ಮಿಕರ ಕಥೆ ಹೇಳುತ್ತಾರೆ. ಐದು ಜನ ಜೈಲಿಗೂ ಹೋದರು, ನಿಜ. ಆದರೆ ಬಯಲುಸೀಮೆಯ ದಾರಿಗಳ ಮಟ್ಟಿಗೆ ಅದೇ ವರ್ಷ ಬಂದ ಒಂದು ನೀರಸ ಕಾಯ್ದೆಯೇ ದೊಡ್ಡದು ಅಂತ ನನಗನ್ನಿಸುತ್ತೆ. 20 ವರ್ಷ ಜನ ಯಾರ ಅಪ್ಪಣೆಯೂ ಕೇಳದೆ, ಅಡೆತಡೆಯಿಲ್ಲದೆ ನಡೆದಿದ್ದರೆ, ಮಾಲೀಕ ತನಗೆ ಆ ಉದ್ದೇಶ ಇರಲಿಲ್ಲವೆಂದು ತೋರಿಸದ ಹೊರತು, ಅದು ಸಾರ್ವಜನಿಕ ದಾರಿ ಅಂದಿತು ಅದು. 1949ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಕೌಂಟಿಯೂ ಇಂಥ ದಾರಿಗಳ ಅಧಿಕೃತ ನಕಾಶೆ ಮಾಡಬೇಕು ಅಂದಿತು. ಅದರಲ್ಲಿ ಗೆರೆ ಬಿದ್ದರೆ ಮುಗೀತು, ಅದೇ ಸಾಕ್ಷಿ. ನಾನು ಕೊಂಡ ನಕಾಶೆಯ ಹಸಿರು ಚುಕ್ಕೆಗೆರೆಗಳು ಬಂದದ್ದು ಅಲ್ಲಿಂದಲೇ. ಹೊಲದ ನಡುವಿನ ಕಾಲುದಾರಿಯನ್ನು ರೈತ ಉಳಬಹುದು, ಆದರೆ ಬಿತ್ತನೆಗೆ ಉತ್ತರೆ ಹದಿನಾಲ್ಕು ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ಬಿಡಿಸಿಕೊಡಬೇಕು. ಗೋಧಿಯ ಮಧ್ಯೆ ಬೈತಲೆ ತೆಗೆದ ಹಾಗೆ ದಾರಿ ಹೋಗಿರೋದನ್ನು ನಾನೇ ನೋಡಿದೆ.

ಆದರೆ ನಕಾಶೆ ಮಾಡುವಾಗ ಎಷ್ಟೋ ದಾರಿ ಬಿಟ್ಟುಹೋದವು. 2020ರಲ್ಲಿ ರಾಂಬ್ಲರ್ಸ್ ಸಂಘದ ಸ್ವಯಂಸೇವಕರು ಹಳೇ ನಕಾಶೆಗಳ ಪಕ್ಕ ಹೊಸವನ್ನಿಟ್ಟು ಹುಡುಕಿದಾಗ ಇಂಗ್ಲೆಂಡ್-ವೇಲ್ಸಿನಲ್ಲಿ ಹೀಗೆ ಕಳೆದುಹೋಗಿರಬಹುದಾದ 49,000 ಮೈಲಿ ದಾರಿ ಸಿಕ್ಕಿತು. ಇವನ್ನು ಸೇರಿಸೋಕೆ 2026ರ ಗಡುವಿತ್ತು, ಅದನ್ನು 2031ಕ್ಕೆ ತಳ್ಳಿದರು, 2024ರ ಡಿಸೆಂಬರಿನಲ್ಲಿ ಗಡುವನ್ನೇ ತೆಗೆಯುತ್ತೇವೆ ಅಂತ ಸರ್ಕಾರ ಘೋಷಿಸಿತು. ಅಷ್ಟರವರೆಗೆ ಊರಿನ ಮುದುಕರು ‘ನಾನು ಇಂಥಿಂಥ ವರ್ಷ ಇಲ್ಲಿ ನಡೆದಿದ್ದೆ’ ಅಂತ ಫಾರಂ ತುಂಬಿ ಕೊಡುತ್ತಿದ್ದರು.

ಇದನ್ನೆಲ್ಲ ಇಷ್ಟು ಆಸಕ್ತಿಯಿಂದ ಓದಿದ್ದಕ್ಕೆ ಕಾರಣ ಇದೆ. ಅದೇ ದಿನ ಈಲಿ ಸ್ಟೇಷನ್ನಿನಲ್ಲಿ ಕೂತಿದ್ದಾಗ ಅಪ್ಪನ ಫೋನ್ ಬಂತು. ಊರಲ್ಲಿ ನಾಲೆ ಏರಿ ಪಕ್ಕದ ಜಮೀನು ಕೊಂಡ ಹೊಸಬರು ತಂತಿಬೇಲಿ ಹಾಕಿದ್ದಾರೆ, ನಮ್ಮ ಮೂವತ್ತು ಗುಂಟೆಗೆ ಹೋಗೋಕೆ ದಾರಿಯಿಲ್ಲ. ಅಜ್ಜಿ ಬುತ್ತಿ ಹೊತ್ತು ಹೋಗುತ್ತಿದ್ದದ್ದು, ನಾನು ರಜೆಯಲ್ಲಿ ಅವಳ ಹಿಂದೆ ಓಡುತ್ತಿದ್ದದ್ದು ಅದೇ ದಾರಿಯಲ್ಲಿ. ರೂಮಿಗೆ ಬಂದವನೇ ಸರ್ವೇ ಇಲಾಖೆಯ ಸೈಟಿನಿಂದ ನಮ್ಮ ಗ್ರಾಮದ ನಕಾಶೆ ಇಳಿಸಿಕೊಂಡೆ. ಕಾಲುದಾರಿಯ ಚುಕ್ಕೆಗೆರೆ ಇದೆ, ಖುಷಿಯಾಯಿತು. ಜೂಮ್ ಮಾಡಿ ನೋಡಿದರೆ, ಗೆರೆ ನಮ್ಮ ಹೊಲಕ್ಕಿಂತ ಒಂದು ಸರ್ವೇ ನಂಬರ್ ಹಿಂದೆಯೇ ನಿಂತುಬಿಟ್ಟಿದೆ. ಬೇಲಿ ಬಿದ್ದಿರೋದು ಸರಿಯಾಗಿ ಆ ನಂಬರಿಗೇ.

ನಮ್ಮಲ್ಲೂ 1882ರ ಕಾಯ್ದೆಯೊಂದಿದೆ. ಅದರಲ್ಲೂ ದಾರಿಹಕ್ಕಿಗೆ ಅದೇ 20 ವರ್ಷ, ಬಹಿರಂಗವಾಗಿ, ಅಡ್ಡಿಯಿಲ್ಲದೆ ನಡೆದಿರಬೇಕು. ಅಡ್ಡಿ ಬಿದ್ದ ಮೇಲೆ ಸುಮ್ಮನೆ ಕೂರೋ ಹಾಗೂ ಇಲ್ಲ. ಅಪ್ಪ ವಕೀಲರನ್ನು ಕಂಡು ಬಂದರು. ಆ ದಾರಿಯಲ್ಲಿ ನಾವು ಓಡಾಡಿದ್ದನ್ನು ನೋಡಿದೀವಿ ಅಂತ ಹೇಳೋಕೆ ಹಳಬರು ಬೇಕಂತೆ. ಹುಡುಕಿದರೆ ಊರಲ್ಲಿ ಉಳಿದಿರೋರು ಮೂರು ಜನ. ಒಬ್ಬರಿಗೆ ಕಣ್ಣು ಕಾಣಿಸೋಲ್ಲ, ಆದರೆ ಎಲ್ಲಿ ಬಾವಿ, ಎಲ್ಲಿ ಹುಣಸೆಮರ, ಎಲ್ಲಿ ದಾರಿ ಕವಲು ಅಂತ ಕೂತಲ್ಲೇ ಹೇಳುತ್ತಾರೆ. ಇನ್ನೊಬ್ಬರು ಮಗಳ ಮನೆಗೆ ಹೋಗಿದ್ದಾರೆ, ಹಬ್ಬಕ್ಕೆ ಬರುತ್ತಾರಂತೆ. ಮೂರನೆಯವರು, ಬೇಲಿ ಹಾಕಿದವರಿಗೆ ಜಮೀನು ಮಾರಿದವರ ಅಣ್ಣ. ಅವರ ಹತ್ತಿರ ಅಪ್ಪ ಇನ್ನೂ ಮಾತಾಡಿಲ್ಲ.