ಶಿಬ್‌ಪುರದ ತೋಟದಿಂದ ಹೊರಬಿದ್ದ ಹೂಗಿಡ

ಹೂಗ್ಲಿ ನದಿಯ ಪಶ್ಚಿಮ ದಡದ ಶಿಬ್‌ಪುರದಲ್ಲಿ, ಕೋಲ್ಕತ್ತ ನಗರಕ್ಕೆ ಎದುರಾಗಿ ಹಬ್ಬಿರುವ ಸಸ್ಯೋದ್ಯಾನಕ್ಕೆ ಹೋದವರೆಲ್ಲ ಅಲ್ಲಿನ ಮಹಾ ಆಲದ ಮರವನ್ನು ನೋಡಿ ಬರುತ್ತಾರೆ. ಮೂಲ ಕಾಂಡವನ್ನು ಎಂದೋ ಕಳೆದುಕೊಂಡು ಬಿಳಲುಗಳ ಮೇಲೆಯೇ ನಿಂತಿರುವ ಆ ಮರ ನೋಡತಕ್ಕದ್ದೇ ಸರಿ. ಆದರೆ ಕನ್ನಡ ನಾಡಿನ ಕಾಡುಗಳೊಂದಿಗೆ ಆ ತೋಟಕ್ಕಿರುವ ನಂಟು ಬೇರೊಂದು ಗಿಡದ ಮೂಲಕ ಬೆಳೆದದ್ದು. 1809ರ ಸುಮಾರಿಗೆ ಅಲಂಕಾರಕ್ಕೆಂದು ಅಲ್ಲಿಗೆ ಬಂದ, ಆಳೆತ್ತರದ ಒಂದು ಪೊದೆ ಅದು.

ಎಲೆ ಒರಟು, ಉಜ್ಜಿದರೆ ಘಾಟು ವಾಸನೆ. ಆ ಹೋಲಿಕೆಯಿಂದಲೇ ಇಂಗ್ಲಿಷರು ಅದನ್ನು ಕಾಡು ಸೇಜ್, ಕೆಂಪು ಸೇಜ್ ಎಂದು ಕರೆದರು. ಸೇಜ್ ತುಳಸಿಯ ಕುಟುಂಬದ್ದು, ನಮ್ಮ ಹೂತೋಟಗಳ ಕೆಂಪು ಸಾಲ್ವಿಯಾದ ಬಂಧು; ಈ ಪೊದೆಯ ಕುಟುಂಬವೇ ಬೇರೆ. 1753ರಲ್ಲಿ ಲಿನೇಯಸ್ ಇದಕ್ಕೆ ಲಂಟಾನ ಕಮಾರ ಎಂದು ಹೆಸರಿಟ್ಟ. ಬಂಗಾಳದ ಹಳ್ಳಿಗರು ಪುಟುಸ್ ಎನ್ನುತ್ತಾರೆ. ನಮಗೆ ಅದು ಲಂಟಾನವೇ.

ಈ ತೋಟ ಹುಟ್ಟಿದ್ದು ಹೂವಿಗಾಗಿ ಅಲ್ಲ. 1770ರ ಬಂಗಾಳದ ಮಹಾಕ್ಷಾಮದ ನೆನಪು ಇನ್ನೂ ಹಸಿಯಾಗಿದ್ದಾಗ, ಕಂಪೆನಿಯ ಸೈನ್ಯಾಧಿಕಾರಿ ರಾಬರ್ಟ್ ಕಿಡ್ 1786ರಲ್ಲಿ ಇಂಥದೊಂದು ತೋಟ ಬೇಕೆಂದು ಸರಕಾರಕ್ಕೆ ಬರೆದುಕೊಂಡ. ಹಸಿದವರಿಗೆ ಒದಗುವ ಸಾಬೂದಾನಿಯ ತಾಳೆ, ಹಡಗು ಕಟ್ಟಲು ತೇಗ, ವ್ಯಾಪಾರಕ್ಕೆ ಸಂಬಾರ ಗಿಡಗಳು ಅವನ ಮನಸ್ಸಿನಲ್ಲಿದ್ದವು. ಮರುವರ್ಷ ತೋಟ ಆರಂಭವಾಯಿತು. ಕಿಡ್ ತೀರಿಕೊಂಡ 1793ರಲ್ಲೇ ವಿಲಿಯಂ ರಾಕ್ಸ್‌ಬರೊ ಅದರ ಮೇಲ್ವಿಚಾರಕನಾದ. ಇಪ್ಪತ್ತು ವರ್ಷ ಅವನು ದೇಶವಿದೇಶಗಳಿಂದ ಬೀಜ, ಸಸಿ, ಗಡ್ಡೆಗಳನ್ನು ತರಿಸಿದ. ಅನಾರೋಗ್ಯದಿಂದ ಅವನು ಊರಿಗೆ ಮರಳಿದ ಮೇಲೆ, 1814ರಲ್ಲಿ, ತೋಟದ ಸುಮಾರು 3,500 ಸಸ್ಯಗಳ ಪಟ್ಟಿ ‘ಹಾರ್ಟಸ್ ಬೆಂಗಾಲೆನ್ಸಿಸ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅಚ್ಚು ಹಾಕಿಸಿದವನು ಸೆರಾಂಪುರದ ಪಾದ್ರಿ ವಿಲಿಯಂ ಕೇರಿ. ಮೂರು ವರ್ಷಗಳ ಬಳಿಕ ಅದೇ ಮುದ್ರಣಾಲಯದಿಂದ ಕೇರಿಯ ಕನ್ನಡ ವ್ಯಾಕರಣವೂ ಹೊರಬಂದಿತೆಂಬುದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು.

ಆ ಪಟ್ಟಿಯ ಅಂಕಣಗಳು ಗಮನಾರ್ಹವಾಗಿವೆ: ಸಸ್ಯದ ಹೆಸರು, ದೇಶಿ ಹೆಸರು, ಮೂಲಸ್ಥಾನ, ಕಳುಹಿಸಿದವರು, ಬಂದ ಕಾಲ, ಹೂ ಬಿಡುವ ಕಾಲ, ಕಾಯಿ ಬಲಿಯುವ ಕಾಲ. ಒಳಬಂದದ್ದಕ್ಕೆ ಇಷ್ಟು ಅಚ್ಚುಕಟ್ಟಾದ ಲೆಕ್ಕ. ತೋಟದಿಂದ ಹೊರಗೆ ಯಾವುದು ಎಲ್ಲಿಗೆ ಹೋಯಿತೆಂಬುದಕ್ಕೆ ಅಂಕಣವಿಲ್ಲ. ಸಸಿಗಳನ್ನು ಹಂಚುವುದೇ ತೋಟದ ಕೆಲಸವಾಗಿತ್ತು; ಹಂಚಿದ್ದು ತಾನಾಗಿಯೇ ನಡೆದುಹೋದೀತೆಂದು ಅಂದು ಯಾರು ಎಣಿಸಿದ್ದರು?

ಲಂಟಾನ ನಡೆದೇ ಹೋಯಿತು. ಅಮೆರಿಕದ ಉಷ್ಣವಲಯದಿಂದ ಹದಿನೇಳನೆಯ ಶತಮಾನದಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಗಾಜಿನ ಮನೆಗಳಲ್ಲಿ ತಳಿ ಬೆರೆಸಿಕೊಂಡು ಬಂದ ಗಿಡವಿದು. ತೋಟಗಾರನಿಗೆ ಇದಕ್ಕಿಂತ ವಿಧೇಯವಾದ ಗಿಡ ಸಿಗಲಾರದು. ಕಡ್ಡಿ ಊರಿದರೆ ಬೇರು ಬಿಡುತ್ತದೆ, ಸವರಿದಷ್ಟೂ ಚಿಗುರುತ್ತದೆ, ನೀರು ಕೇಳುವುದಿಲ್ಲ, ದನ ಮುಟ್ಟುವುದಿಲ್ಲ. ಹಳದಿಯಾಗಿ ಅರಳಿದ ಹೂ ಕ್ರಮೇಣ ಕಿತ್ತಳೆ, ಕೆಂಪಿಗೆ ತಿರುಗುವುದರಿಂದ ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣ. ಮಕರಂದವಿರುವ ಹಳದಿ ಹೂವನ್ನು ಚಿಟ್ಟೆಗಳು ಆಯ್ದು ಮುಟ್ಟುತ್ತವೆ. ಬೇಲಿಗೆ ಬೇಕಾದ ಗುಣಗಳೆಲ್ಲ ಇದ್ದವು. ಕಪ್ಪು ಹಣ್ಣನ್ನು ಪಿಕಳಾರಗಳು ತಿಂದು ಬೀಜವನ್ನು ಬೇಲಿಯಾಚೆ ಬಿತ್ತಿದವು. ತೋಟದಲ್ಲಿ ಯಾವುದನ್ನು ಗುಣವೆಂದು ಮೆಚ್ಚಿದರೋ ಕಾಡಿನಲ್ಲಿ ಅದೇ ಉಪದ್ರವವಾಯಿತು. ಮೇವಿಲ್ಲದೆ ಅದರ ಎಲೆ ತಿಂದ ದನದ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಕೊಡಗಿನಲ್ಲಿ ಕಾಂಡಕೊರಕದ ಕಾಟಕ್ಕೆ ಹಾಳುಬಿದ್ದ ಕಾಫಿ ತೋಟಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಲಂಟಾನ ಆಕ್ರಮಿಸಿತ್ತು. ಅದೇ ಕಾಲಕ್ಕೆ ಅಲ್ಲಿ ಶ್ರೀಗಂಧದ ಮರಗಳಿಗೆ ಕಡ್ಡಿರೋಗ ಕಾಣಿಸಿಕೊಂಡಾಗ ಅನುಮಾನ ಲಂಟಾನದ ಮೇಲೂ ಬಿತ್ತು. ಅದನ್ನು ತಿನ್ನುವ ಕೀಟಗಳು ಈ ನೆಲದಲ್ಲೇ ಇವೆಯೇ ಎಂದು ವೈ. ರಾಮಚಂದ್ರ ರಾವ್ ಅವರು ಭಾರತ, ಬರ್ಮಾಗಳಲ್ಲಿ ಹುಡುಕಿ 1920ರಲ್ಲಿ ವರದಿ ಪ್ರಕಟಿಸಿದರು. ಗಿಡವನ್ನು ಹತ್ತಿಕ್ಕಬಲ್ಲ ಕೀಟ ಅವರಿಗೆ ಸಿಗಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದಿಂದ ಡೆಹ್ರಾಡೂನಿಗೆ ತಂದ ಇನ್ನೊಂದು ಕೀಟ ತೇಗದ ಹೂವನ್ನೂ ಮುಟ್ಟೀತೆಂಬ ಭಯಕ್ಕೆ ಬಿಡುಗಡೆಯಾಗಲಿಲ್ಲ. ಕಿಡ್ ಆಸೆಯಿಂದ ಬೆಳೆಸಹೊರಟ ಅದೇ ತೇಗ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ಚರಿತ್ರೆ ಪುಸ್ತಕದಲ್ಲಿಲ್ಲ. ಬೇಸಿಗೆ ಬಲಿಯುವ ಮುನ್ನ ಅವರು ನೆಲದ ಒಣ ಎಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ ಮೆಲ್ಲಗೆ ಹರಿದು ಆರುತ್ತಿತ್ತು. ಲಂಟಾನದ ಎಳೆಸಸಿಗಳನ್ನೂ ನೆಲ್ಲಿ ಮರದ ‘ಉಪ್ಪಿಲು’ ಬಂದಳಿಕೆಯನ್ನೂ ಅದೇ ಹದ್ದಿನಲ್ಲಿಡುತ್ತಿತ್ತೆಂದು ಹಿರಿಯರು ಹೇಳುತ್ತಾರೆ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ಅಪರಾಧವಾಯಿತು. 1997ರಿಂದ 2008ರವರೆಗೆ ಅಲ್ಲಿ ನಡೆದ ಅಧ್ಯಯನದಲ್ಲಿ ಲಂಟಾನವಿರುವ ತಾಕುಗಳು ಸುಮಾರು ದುಪ್ಪಟ್ಟಾದವು. ಬೆಂಕಿಯಿಂದಲೇ ಲಂಟಾನ ಹೆಚ್ಚುತ್ತದೆ ಎನ್ನುವ ತಜ್ಞರೂ ಇದ್ದಾರೆ. ಕಡು ಬೇಸಿಗೆಯ ಕಾಳ್ಗಿಚ್ಚಿನ ಮಟ್ಟಿಗೆ ಅವರ ಮಾತು ನಿಜವಿರಬಹುದು. ಆದರೆ ತರಗು ಬೆಂಕಿಯನ್ನೂ ಕಾಳ್ಗಿಚ್ಚನ್ನೂ ಒಂದೇ ಹೆಸರಿನಲ್ಲಿ ಕರೆದು ನಿಷೇಧಿಸಿದವರು ಸೋಲಿಗರನ್ನು ಒಂದು ಮಾತು ಕೇಳಬಹುದಿತ್ತು ಎಂಬುದು ನನ್ನ ಅಭಿಪ್ರಾಯ. 2020ರ ಒಂದು ಅಂದಾಜಿನಂತೆ ದೇಶದಲ್ಲಿ 1,54,000 ಚದರ ಕಿಲೋಮೀಟರಿಗೂ ಮಿಕ್ಕಿ ಕಾಡು ಈ ಗಿಡದ ಕೈಯಲ್ಲಿದೆ.

ಕಾಡಿನಲ್ಲಿ ಬಿದಿರು ಕಡಿಯಲು ಅಡ್ಡಿಗಳು ಹೆಚ್ಚಿದ ಮೇಲೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗೇ ಕೈಹಾಕಿದರು. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಾಗಿಸಿ ಕುರ್ಚಿ, ಮೇಜು, ಬುಟ್ಟಿ ಹೆಣೆಯುತ್ತಾರೆ. ಗೆದ್ದಲು ಅದರ ಬಳಿ ಸುಲಭಕ್ಕೆ ಸುಳಿಯುವುದಿಲ್ಲ. ಎಷ್ಟು ಕಡಿದರೂ ಗಿಡ ಮುಗಿಯುವುದಿಲ್ಲವಾದ್ದರಿಂದ ಕಚ್ಚಾ ಮಾಲಿಗೆ ಕೊರತೆಯೂ ಇಲ್ಲ.