ಮೇಷ್ಟ್ರು ಆರಿಸದ ಲೀಡರ್‌ಗಳು

ಹೋದ ತಿಂಗಳು ಪುಣೆಯ ನಮ್ಮ ಸೊಸೈಟಿ ಮೀಟಿಂಗ್‌ನಲ್ಲಿ, ಮಕ್ಕಳಿಗೆ ಸಿಗರೇಟು-ಡ್ರಗ್ಸ್ ಬಗ್ಗೆ ಒಂದು ಕಾರ್ಯಕ್ರಮ ಮಾಡೋಣ ಅಂತ ಮಾತು ಬಂತು. ಪೊಲೀಸ್ ಅಧಿಕಾರಿಯನ್ನು ಕರೆಸೋದು, ಒಳ್ಳೆ ಮಾರ್ಕ್ಸ್ ಬರೋ ನಾಲ್ಕು ಮಕ್ಕಳ ಕೈಲಿ ಭಾಷಣ ಮಾಡಿಸೋದು. ನಾನೂ ತಲೆಯಾಡಿಸಿ ಬಂದೆ. ಮನೆಗೆ ಬಂದು ಇದರ ಇತಿಹಾಸ ಓದಿದಾಗ ಆ ಎರಡೂ ಯೋಚನೆ ಹಳೇ ತಪ್ಪುಗಳು ಅನ್ನಿಸಿತು.

ಪೊಲೀಸರನ್ನು ಕರೆಸೋ ಪ್ರಯೋಗ ದೊಡ್ಡದಾಗಿ ನಡೆದದ್ದು ಅಮೆರಿಕದಲ್ಲಿ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಡೇರ್' ಶುರುವಾಯಿತು: ಯೂನಿಫಾರ್ಮ್ ಹಾಕಿದ ಅಧಿಕಾರಿ ಕ್ಲಾಸಿಗೇ ಬಂದು ಪಾಠ ಮಾಡೋದು. ದೇಶದ ತುಂಬ ಹರಡಿತು. 1994ರಲ್ಲಿ ಅದರ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ಮಕ್ಕಳ ಡ್ರಗ್ಸ್ ಬಳಕೆ ಮೇಲೆ ಅದರ ಪರಿಣಾಮ ತೀರಾ ಅಲ್ಪ ಅಂತ ತಿಳಿಯಿತು.

ಬೇರೆ ದಾರಿ ಅದಕ್ಕೂ ಮೊದಲೇ ತೆರೆದಿತ್ತು. 1970ರ ದಶಕದಲ್ಲಿ ಹ್ಯೂಸ್ಟನ್‌ನ ಮನಶ್ಶಾಸ್ತ್ರಜ್ಞ ರಿಚರ್ಡ್ ಇವಾನ್ಸ್, ಕ್ಯಾನ್ಸರ್ ಭಯ ಹುಟ್ಟಿಸಿದರೆ ಸಾಲದು, ಗೆಳೆಯರ ಒತ್ತಡಕ್ಕೆ ಎದುರು ನಿಲ್ಲೋದನ್ನು ಕಲಿಸಬೇಕು ಅಂದರು. ಸ್ಟ್ಯಾನ್‌ಫರ್ಡ್‌ನ ಆಲ್ಫ್ರೆಡ್ ಮೆಕಲಿಸ್ಟರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಹೈಸ್ಕೂಲ್ ಹುಡುಗ-ಹುಡುಗಿಯರಿಂದಲೇ ಏಳನೇ ಕ್ಲಾಸಿನವರಿಗೆ ಪಾಠ ಹೇಳಿಸಿದರು.

ಆದರೆ ಲೀಡರ್ ಯಾರಾಗಬೇಕು? ಇದಕ್ಕೆ ನನಗೆ ಇಷ್ಟವಾದ ಉತ್ತರ ಬ್ರಿಟನ್ನಿನ 'ಅಸಿಸ್ಟ್' ಪ್ರಯೋಗದ್ದು. ವೇಲ್ಸ್ ಮತ್ತು ಪಶ್ಚಿಮ ಇಂಗ್ಲೆಂಡಿನ 59 ಶಾಲೆಗಳು, 12-13 ವಯಸ್ಸಿನ 10,730 ಮಕ್ಕಳು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳ ಕೈಗೇ ಚೀಟಿ ಕೊಟ್ಟು ಕೇಳಿದರು: ನೀವು ಯಾರನ್ನು ಗೌರವಿಸ್ತೀರಿ? ಆಟದಲ್ಲಿ, ಗುಂಪಲ್ಲಿ ಮುಂದಾಳು ಯಾರು? ಹೆಚ್ಚು ಹೆಸರು ಬಂದವರನ್ನು ಕರೆದರು. ನೆಟ್‌ವರ್ಕ್ ಓದಿದ ನಮ್ಮಂಥವರಿಗೆ ಇದು ಗೊತ್ತಿರೋದೇ, ಹೆಚ್ಚು ಕೊಂಡಿ ಇರೋ ನೋಡ್ ಹುಡುಕೋದು. ಮೇಷ್ಟ್ರಿಗೆ ತಲೆನೋವಾದ ಹುಡುಗರೂ ಆ ಪಟ್ಟಿಯಲ್ಲಿ ಬಂದರು. ಶಾಲೆಯಿಂದ ಹೊರಗೆ ಎರಡು ದಿನ ತರಬೇತಿ. ಆಮೇಲೆ 10 ವಾರ, ಭಾಷಣ ಇಲ್ಲ, ವೇದಿಕೆ ಇಲ್ಲ. ಊಟದ ಹೊತ್ತಲ್ಲಿ, ಶಾಲೆಗೆ ಹೋಗಿ ಬರೋ ದಾರಿಯಲ್ಲಿ ಗೆಳೆಯರ ಜೊತೆ ಮಾತು, ಮತ್ತೆ ಅದನ್ನು ಡೈರಿಯಲ್ಲಿ ಗುರುತು ಹಾಕೋದು, ಅಷ್ಟೇ.

2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಅವಧಿಯಲ್ಲಿ ಈ ಶಾಲೆಗಳ ಮಕ್ಕಳು ಸಿಗರೇಟು ಸೇದೋ 'ಆಡ್ಸ್' ಶೇ. 22 ಕಡಿಮೆ. ಪವಾಡ ಅಲ್ಲ, ಇದು ಸಿಗರೇಟಿನ ಲೆಕ್ಕ ಮಾತ್ರ. ಗಾಂಜಾಕ್ಕೂ ಹೀಗೇ ಅಂತ ಇದರಿಂದ ಹೇಳೋಕಾಗಲ್ಲ. ಆದರೂ ಹರಟೆಯಿಂದ ಇಷ್ಟು ಬಂದದ್ದು ಸಣ್ಣದೇನಲ್ಲ.

ಇನ್ನೊಂದು ಎಚ್ಚರಿಕೆಯೂ ಇದೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ವ್ಯಾಲೆಂಟೆ ಇಂಥದ್ದೇ ಗೆಳೆಯರ ಗುಂಪಿನ ಪಾಠ ಮಾಡಿಸಿ ನೋಡಿದರು. 2007ರ ಅವರ ವರದಿ ಪ್ರಕಾರ ಒಟ್ಟಾರೆ ಬಳಕೆ ಇಳಿಯಿತು, ಆದರೆ ಡ್ರಗ್ಸ್ ತೊಗೊಳ್ಳೋ ಗೆಳೆಯರೇ ತುಂಬಿದ್ದ ಮಕ್ಕಳಿಗೆ ಅದು ಕೆಡುಕೂ ಮಾಡಬಹುದಿತ್ತು. ಅದೇ ಕೊಂಡಿಯಲ್ಲಿ ಎರಡೂ ಹರಿಯುತ್ತೆ ನೋಡಿ.

ಇದನ್ನೆಲ್ಲ ಸೊಸೈಟಿ ಗ್ರೂಪಿನಲ್ಲಿ ಹಾಕಿದೆ. ಸೆಕ್ರೆಟರಿ ಫೋನ್ ಮಾಡಿ, "ಮಕ್ಕಳು ಯಾರ ಹೆಸರು ಬರೀತಾರೆ ಅಂತ ನಿಮಗೆ ಗೊತ್ತಲ್ಲ?" ಅಂದರು. ಪಾರ್ಕಿಂಗ್‌ನಲ್ಲಿ ಕ್ರಿಕೆಟ್ ಆಡಿ ಎರಡು ಕಾರಿನ ಗ್ಲಾಸ್ ಒಡೆದ ಹುಡುಗ. ಅವನೇ ಅಂತ ನನಗೂ ಗೊತ್ತು. ಮುಂದಿನ ಭಾನುವಾರ ಚೀಟಿ, ಡಬ್ಬ ನಾನೇ ತೊಗೊಂಡು ಹೋಗ್ತಿದ್ದೀನಿ.